ಅಂಜನದಲ್ಲಿ ಕಂಡ ಕಡಲು

ಕಾಂದಿವಲಿ ಪೂರ್ವದಲ್ಲಿ ನಮ್ಮ ಬಳಗದವರೊಬ್ಬರ ಮನೆಯಲ್ಲಿ ಈಚೆಗೆ ಸತ್ಯನಾರಾಯಣ ಪೂಜೆಯಿತ್ತು. ಊಟಕ್ಕೆ ಎಲೆ ಹಾಕಿದ್ದರು. ಅಷ್ಟರಲ್ಲಿ ಊರಿನಿಂದ ಫೋನು ಬಂತು. ಮನೆಯ ಯಜಮಾನಿತಿಯ ಅಕ್ಕನ ಮಗ, ಕಾರ್ಕಳದ ಕಡೆಯ ಒಂದು ಸಣ್ಣ ಪೇಟೆಯ ಹದಿನಾರರ ಹುಡುಗ, ಹಿಂದಿನ ಸಂಜೆ ಟ್ಯೂಶನ್ನಿಗೆಂದು ಹೋದವನು ಮನೆಗೆ ಮರಳಿಲ್ಲವಂತೆ. ಬಡಿಸುವವರ ಕೈ ಅಲ್ಲಿಗೇ ನಿಂತಿತು. ಹತ್ತು ಮಂದಿ ಹತ್ತು ಮಾತು ಆಡುತ್ತಿರುವಾಗ ಯಾರೋ ಒಬ್ಬರು ಆ ಮನೆಯ ಮಗಳತ್ತ ಬೆರಳು ತೋರಿ, “ಇವಳಿಗೆ ಕಾಣ್ತದಲ್ಲ, ಹುಡುಗನ ಫೋಟೋ ಕೊಟ್ಟು ಕೇಳಿ ನೋಡಿ” ಎಂದರು.

ಆ ಹುಡುಗಿಗೆ ಹದಿಮೂರು. ಎರಡು ವರ್ಷದ ಹಿಂದೆ ಅವಳನ್ನು ‘ಮಿಡ್‌ಬ್ರೇನ್ ಆಕ್ಟಿವೇಶನ್’ ಎಂಬ ತರಗತಿಗೆ ಕಳುಹಿಸಿದ್ದರು. ಅಲ್ಲಿಂದ ಬಂದವಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ರೂಪಾಯಿ ನೋಟಿನ ನಂಬರು ಓದುತ್ತಾಳೆಂದು ಇಡೀ ಸೊಸೈಟಿಯಲ್ಲಿ ಹೆಸರು. ನೋಟಿನ ನಂಬರು ಕಂಡ ಕಣ್ಣಿಗೆ ಒಂಬೈನೂರು ಕಿಲೋಮೀಟರಿನಾಚೆಯ ಹುಡುಗ ಕಾಣನೇ ಎಂಬುದು ಅವರ ತರ್ಕ. ತಾಯಿ ಫೋಟೋ ತಂದೇಬಿಟ್ಟರು. ಹುಡುಗಿಯ ಮುಖ ಬಿಳಿಚಿಕೊಂಡಿತು. ನಾವೂ ಬೇಡವೆನ್ನಲಿಲ್ಲ, ಒಪ್ಪಿಕೊಳ್ಳಬೇಕು. ಏನು ಹೇಳುವಳೋ ನೋಡೋಣವೆಂಬ ಚಪಲ ನಮಗೂ ಇತ್ತು.

“ಮಗುವನ್ನು ಬಿಡಿ. ಪೊಲೀಸಿಗೆ ಹೇಳಿದ್ದಾರಾ ಇಲ್ಲವಾ, ಅದನ್ನು ಕೇಳಿ.” ಮೂಲೆಯಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಹೀಗೆಂದರು. ಬಳಗದಲ್ಲಿ ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಾರೆ. ವಿಚಾರಿಸಿದರೆ, ದೂರು ಕೊಟ್ಟಿರಲಿಲ್ಲ. ಇಪ್ಪತ್ನಾಲ್ಕು ಗಂಟೆ ಕಾಯಬೇಕೆಂದು ಯಾರೋ ಹೇಳಿದ್ದರಂತೆ. ದೊಡ್ಡಮ್ಮ ಫೋನು ತೆಗೆದುಕೊಂಡು, “ಈಗಲೇ ಠಾಣೆಗೆ ಹೋಗು, ಫೋಟೋ ತೆಗೆದುಕೊಂಡು ಹೋಗು” ಎಂದು ಗದರಿದರು. ಆಮೇಲೆ ಬಾಲ್ಕನಿಯಲ್ಲಿ ನಮ್ಮನ್ನು ಕೂರಿಸಿಕೊಂಡು ತಮ್ಮ ಕಥೆ ಹೇಳಿದರು. ಹೆಸರು ಹಾಕದೆ ಬರೆಯಿರಿ ಎಂಬುದು ಅವರದೇ ಅಪ್ಪಣೆ.

1958ರ ಮಾತು. ಅವರ ಅಣ್ಣ, ಹದಿನಾರರವನು, ಶಾಲೆಯ ಫೀಸಿನ ವಿಷಯದಲ್ಲಿ ಅಪ್ಪನಿಂದ ಏಟು ತಿಂದು ರಾತ್ರಿ ಮನೆ ಬಿಟ್ಟಿದ್ದ. ಎರಡು ದಿನ ಹುಡುಕಿದರು. ಮೂರನೆಯ ದಿನ ಅಂಜನದವರನ್ನು ಕರೆಸಿದರು. ನಮ್ಮ ಕರಾವಳಿಯ ಹಿರಿಯರಿಗೆ ಅಂಜನವನ್ನು ವಿವರಿಸಬೇಕಾಗಿಲ್ಲ. ಇಲ್ಲೇ ಹುಟ್ಟಿದ ಮಕ್ಕಳಿಗಾಗಿ ಹೇಳುತ್ತೇವೆ: ವೀಳ್ಯದೆಲೆಗೋ ಹೆಬ್ಬೆರಳಿನ ಉಗುರಿಗೋ ಕರಿಯ ಕಾಡಿಗೆಯನ್ನು ಬಳಿದು, ದೀಪದ ಮುಂದೆ ಹಿಡಿದು, ಮೈನೆರೆಯದ ಮಗುವೊಂದನ್ನು ಕೂರಿಸಿ, ಆ ಕಪ್ಪಿನೊಳಗೆ ಏನು ಕಾಣುತ್ತದೆಂದು ಕೇಳುವುದು. ಕಳೆದುಹೋದ ದನ, ಕದ್ದ ಒಡವೆ, ಓಡಿಹೋದ ಮಗ, ಎಲ್ಲಕ್ಕೂ ಅದೇ. ಆ ದಿನ ಕೂರಿಸಿದ್ದು ಹದಿಮೂರರ ಈ ತಂಗಿಯನ್ನು.

“ಮೊದಲು ನೆಲ ಗುಡಿಸುವವನು ಬಂದನಾ ಅಂತ ಕೇಳಿದ್ರು. ಹ್ಞೂಂ ಅಂದೆ. ಹನುಮಂತ ಬಂದನಾ ಅಂದ್ರು, ಹ್ಞೂಂ ಅಂದೆ. ನನಗೆ ಕಂಡದ್ದು ದೀಪದ ಮಿಣುಕು, ನನ್ನದೇ ಮೂಗು. ಅಣ್ಣ ಕಾಣ್ತಾನಾ ಅಂತ ಮತ್ತೆ ಮತ್ತೆ ಕೇಳಿದ್ರು. ಅಮ್ಮ ಎದುರಿಗೇ ಕೂತಿದ್ಳು. ಇಲ್ಲ ಅನ್ಲಿಕ್ಕೆ ಬಾಯಿ ಬರಲಿಲ್ಲ. ನೀರು ಕಾಣ್ತದಾ ಅಂದ್ರು, ಕಾಣ್ತದೆ ಅಂದೆ. ದೊಡ್ಡ ನೀರಾ? ಹೌದು, ಕಡಲು ಅಂದೆ.”

ಅಪ್ಪ ಆರು ದಿನ ಮಲ್ಪೆಯಿಂದ ಕಾಪುವಿನವರೆಗೆ ದಡದುದ್ದಕ್ಕೂ ನಡೆದು ದೋಣಿಯವರನ್ನೆಲ್ಲ ವಿಚಾರಿಸಿದರು. ಬೇರೆ ಕಡೆ ಯಾರೂ ಹುಡುಕಲಿಲ್ಲ. ಅಮ್ಮ ಮಗನ ಬಟ್ಟೆಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದರು. ಮಗನಾದರೋ ಲಾರಿ ಹತ್ತಿ ಮುಂಬಯಿ ಸೇರಿ, ಕೋಟೆ ಭಾಗದ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದ. ಐದು ತಿಂಗಳ ಮೇಲೆ ಒಂದು ಕಾರ್ಡು ಬಂತು. ಹೋಟೆಲಿನ ಹುಡುಗರಿಗಾಗಿ ನಡೆಯುತ್ತಿದ್ದ ಕನ್ನಡ ರಾತ್ರಿ ಶಾಲೆಗೆ ಅವನು ಸೇರಿದಾಗ ಅಲ್ಲಿಯ ಮಾಸ್ತರರು, ಮೊದಲ ಪಾಠವೆಂದು, ಎದುರಿಗೇ ಕೂರಿಸಿಕೊಂಡು ಮನೆಗೆ ಬರೆಸಿದ ಕಾರ್ಡು ಅದು. ಕಡಲು ಕಂಡದ್ದು ಸುಳ್ಳಲ್ಲ, ಮುಂಬಯಿಯಲ್ಲೂ ಕಡಲಿದೆ ತಾನೆ ಎಂದು ಊರವರು ಅಂಜನವನ್ನೇ ಹೊಗಳಿದರಂತೆ! ಹೀಗೆ ಹೇಳುವಾಗ ದೊಡ್ಡಮ್ಮ ನಕ್ಕರು; ಆದರೆ ಆ ಐದು ತಿಂಗಳು ಅಮ್ಮನ ಮುಖ ನೋಡಲಾಗದೆ ಕೊಟ್ಟಿಗೆಯಲ್ಲಿ ಮಲಗುತ್ತಿದ್ದುದನ್ನು ಹೇಳುವಾಗ ನಗಲಿಲ್ಲ.

ಇದು ನಮ್ಮೊಬ್ಬರ ಊರಿನ ವಿದ್ಯೆಯೆಂದು ತಿಳಿಯಬೇಡಿ. ಎಡ್ವರ್ಡ್ ಲೇನ್ ಎಂಬ ಆಂಗ್ಲ ವಿದ್ವಾಂಸನು ಈಜಿಪ್ತಿನವರ ನಡೆನುಡಿಗಳ ಮೇಲೆ 1836ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೈರೋ ನಗರದ ಮಾಂತ್ರಿಕನೊಬ್ಬನು ಹುಡುಗನ ಅಂಗೈಯಲ್ಲಿ ಮಸಿ ಹಾಕಿ ನೋಡಿಸುವುದನ್ನು ಬಣ್ಣಿಸಿದ್ದಾನೆ. ಸ್ವಾರಸ್ಯವೇನೆಂದರೆ, ಅಲ್ಲಿಯೂ ಹುಡುಗನಿಗೆ ಮೊದಲು ಕಾಣಬೇಕಾದವನು ನೆಲ ಗುಡಿಸುವವನೇ! ಮಂದ ಬೆಳಕಿನಲ್ಲಿ ಹೊಳೆಯುವ ಕಪ್ಪನ್ನು ಬಹಳ ಹೊತ್ತು ನೋಡಿದರೆ ಯಾರ ಕಣ್ಣಿಗೂ ಏನೋ ಚಲಿಸಿದಂತಾಗುತ್ತದೆ. ಉಳಿದದ್ದನ್ನು ಕೇಳುವವರ ಪ್ರಶ್ನೆಯೇ ತುಂಬಿಕೊಡುತ್ತದೆ. ಇನ್ನು ಕಣ್ಣುಕಟ್ಟಿ ಓದುವ ವಿದ್ಯೆಯ ಗುಟ್ಟು ಮೂಗಿನ ಬದಿಯ ಸಂದು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಇದನ್ನು ಊರೂರಿನಲ್ಲಿ ಬಯಲುಮಾಡಿದ್ದಾರೆ. ಆ ದಿನ ಹುಡುಗಿಯೂ ನಾವು ಚಪ್ಪಲಿ ಮೆಟ್ಟುವಾಗ ಹತ್ತಿರ ಬಂದು, “ಅಂಕಲ್, ಬಟ್ಟೆಯ ಕೆಳಗಿಂದ ಕಾಣ್ತದೆ, ಮಮ್ಮಿಗೆ ಹೇಳ್ಬೇಡಿ” ಎಂದು ಪಿಸುಗುಟ್ಟಿದಳು. ಹೇಳಲಿಲ್ಲ. ಅವಳೇ ಮರುದಿನ ಹೇಳಿದಳೆಂದು ಕೇಳಿದೆವು.

ದಿವ್ಯದೃಷ್ಟಿಯವರ ಮಾತು ಎಷ್ಟು ಕ್ರೂರವಾಗಬಲ್ಲುದೆಂಬುದಕ್ಕೆ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಸಂಗತಿ ಸಾಕು. 2003ರಲ್ಲಿ ಅಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಕಾಣೆಯಾದಳು. ಮರುವರ್ಷ ಟೆಲಿವಿಷನ್ನಿನಲ್ಲಿ ಸಿಲ್ವಿಯಾ ಬ್ರೌನ್ ಎಂಬ ಹೆಸರಾಂತ ‘ಕಾಣುವವಳು’ ಆಕೆಯ ತಾಯಿಗೆ, ನಿನ್ನ ಮಗಳು ಬದುಕಿಲ್ಲವೆಂದಳು. ತಾಯಿ 2006ರಲ್ಲಿ ತೀರಿಕೊಂಡಳು. ಮಗಳು 2013ರಲ್ಲಿ ಸೆರೆಯಿಂದ ತಪ್ಪಿಸಿಕೊಂಡು ಜೀವಂತ ಹೊರಬಂದಳು.

ನಿಜವಾಗಿ ಹುಡುಕುವವರು ನಮ್ಮ ಸಮೀಪದಲ್ಲೇ ಇದ್ದರು. ಅಂಧೇರಿಯ ಡಿ.ಎನ್. ನಗರ ಠಾಣೆಯ ಸಹಾಯಕ ಸಬ್ ಇನ್ಸ್‌ಪೆಕ್ಟರ್ ರಾಜೇಂದ್ರ ಭೋಸಲೆಯವರು 2008ರಿಂದ 2015ರವರೆಗೆ ಕಾಣೆಯಾದ 166 ಹುಡುಗಿಯರ ಪೈಕಿ 165 ಮಂದಿಯನ್ನು ತಮ್ಮ ತಂಡದೊಂದಿಗೆ ಪತ್ತೆಮಾಡಿದರು. ಉಳಿದವಳು 2013ರ ಜನವರಿಯಲ್ಲಿ ಶಾಲೆಗೆ ಹೋಗುವಾಗ ಕಾಣೆಯಾದ ಏಳರ ಬಾಲೆ. ನಿವೃತ್ತರಾದ ಮೇಲೂ ಭೋಸಲೆ ಅವಳನ್ನು ಹುಡುಕುವುದನ್ನು ಬಿಡಲಿಲ್ಲ. 2022ರ ಆಗಸ್ಟಿನಲ್ಲಿ ಅವಳು ತಾಯಿಯನ್ನು ಸೇರಿದಳು. ಆಗ ಅವಳಿದ್ದದ್ದು ಹೆತ್ತ ಮನೆಗೆ ಅತಿ ಸಮೀಪದಲ್ಲೇ! ಅವಳ ದಾರಿ ತೆರೆದದ್ದು ಹಳೆಯದೊಂದು ಪೋಸ್ಟರು. ಅದರಲ್ಲಿದ್ದ ಐದು ಫೋನ್ ನಂಬರುಗಳಲ್ಲಿ ನಾಲ್ಕು ನಿಂತುಹೋಗಿದ್ದವು; ಐದನೆಯದಕ್ಕೆ ನೆರೆಯವರೊಬ್ಬರು ಓಗೊಟ್ಟರು.

ಇಪ್ಪತ್ನಾಲ್ಕು ಗಂಟೆ ಕಾಯುವ ನಿಯಮವೆಂಬುದು ಇಲ್ಲ. ಮಗು ಕಾಣೆಯಾದ ದೂರು ಬಂದೊಡನೆ ಎಫ್.ಐ.ಆರ್. ದಾಖಲಿಸಿ, ಅಪಹರಣವೆಂದೇ ಮೊದಲು ಭಾವಿಸಿ ತನಿಖೆ ಮಾಡಬೇಕೆಂದು ಸುಪ್ರೀಂ ಕೋರ್ಟು 2013ರ ಮೇ ತಿಂಗಳಲ್ಲಿ ಆದೇಶಿಸಿದೆ. ಮಕ್ಕಳ ಸಹಾಯವಾಣಿಯ ನಂಬರು 1098. ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಕಾರ್ಕಳದ ಕಡೆಯ ಹುಡುಗ ಮೂರನೆಯ ದಿನ ಮಡಗಾಂವ್ ನಿಲ್ದಾಣದಲ್ಲಿ ರೈಲ್ವೆ ಪೊಲೀಸರ ಕಣ್ಣಿಗೆ ಬಿದ್ದ. ಪರೀಕ್ಷೆಯ ಅಂಕಗಳ ಭಯ, ಬೇರೇನಲ್ಲ. ಈಗ ಮನೆಯಲ್ಲಿದ್ದಾನೆ.

ದೊಡ್ಡಮ್ಮನ ಅಣ್ಣ ಎಂಬತ್ತು ದಾಟಿ ಬೊರಿವಲಿಯಲ್ಲಿ ಮಕ್ಕಳೊಂದಿಗಿದ್ದಾರೆ. ಅಂಜನದಲ್ಲಿ ತನಗೆ ಏನೂ ಕಾಣಲಿಲ್ಲವೆಂಬುದನ್ನು ತಂಗಿ ಅವರಿಗೆ ಇಂದಿನವರೆಗೆ ಹೇಳಿಲ್ಲ. ಹಾಗಾದರೆ ಇದನ್ನು ಅಚ್ಚುಹಾಕಬಹುದೇ ಎಂದು ನಾವು ಕೇಳಿದೆವು. “ಹಾಕಿ,” ಎಂದರು, “ಅಣ್ಣ ನಿಮ್ಮ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದ್ತಾನೆ.”