ಮಾರಲಿ, ಆದರೆ ಶೋಕೇಸ್ ಯಾಕೆ?

ನನಗೀಗ ಇಪ್ಪತ್ತು ವರ್ಷ. ಮತ ಹಾಕಬಹುದು, ಲೈಸೆನ್ಸ್ ಮಾಡಿಸಿ ಬೈಕ್ ಓಡಿಸಬಹುದು. ಆದರೆ ಕರ್ನಾಟಕದ ಯಾವ ಅಂಗಡಿಯವರೂ ನನಗೆ ಒಂದು ಸಿಗರೇಟ್ ಮಾರುವಂತಿಲ್ಲ. 2025ರ ಮೇ ತಿಂಗಳಲ್ಲಿ ಬಂದ ರಾಜ್ಯದ ತಿದ್ದುಪಡಿ ಕಾಯ್ದೆ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ಬಿಡಿ ಸಿಗರೇಟ್ ಮಾರುವುದನ್ನು ನಿಷೇಧಿಸಿತು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಕಟ್ಟಬೇಕಾದ ದಂಡವನ್ನು 1,000 ರೂಪಾಯಿ ಮಾಡಿತು. ಶಿಕ್ಷಣ ಸಂಸ್ಥೆಗಳ ಸುತ್ತ 100 ಮೀಟರ್ ಒಳಗೆ ಮಾರಾಟ ಇಲ್ಲ ಎಂದಿತು.

ಈಗ ಒಂದು ಸಣ್ಣ ಲೆಕ್ಕ. ಬಿ.ಇ. ಸೇರುವಾಗ ನಮಗೆ ಹದಿನೆಂಟರ ಆಸುಪಾಸು. ಅಂದರೆ ಮೊದಲ ಮೂರು ವರ್ಷದ ಬಹುತೇಕ ಎಲ್ಲರೂ 21ರ ಕೆಳಗಿನವರು. ಕಾಲೇಜಿನ ಹತ್ತಿರದ ಟೀ ಅಂಗಡಿಯಲ್ಲಿ ಸಿಗರೇಟ್ ಕೇಳುವ ಹುಡುಗರಲ್ಲಿ ಹೆಚ್ಚಿನವರು ಕಾನೂನಿನ ಲೆಕ್ಕದಲ್ಲಿ ಗಿರಾಕಿಗಳೇ ಅಲ್ಲ. ಆದರೂ ವ್ಯಾಪಾರ ನಡೆಯುತ್ತಿದೆ. ಬಿಡಿಯಾಗಿಯೂ ಸಿಗುತ್ತದೆ, ಕಂಬಕ್ಕೆ ದಾರದಲ್ಲಿ ಕಟ್ಟಿದ ಲೈಟರೂ ನೇತಾಡುತ್ತಿರುತ್ತದೆ. ವಯಸ್ಸಿನ ದಾಖಲೆ ಕೇಳಿದ ಅಂಗಡಿಯವರನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಕಾನೂನು ಸರಿಯಾಗಿ ಜಾರಿಯಾಗಬೇಕು ಎನ್ನುವುದು ನಮ್ಮಲ್ಲಿ ಎಲ್ಲ ವಿಷಯಕ್ಕೂ ಹೇಳುವ ಮಾತು. ನಾನು ಹೇಳಹೊರಟಿರುವುದು ಜಾರಿಯ ಬಗ್ಗೆ ಅಲ್ಲ, ಈ ತಿದ್ದುಪಡಿ ಮುಟ್ಟದೇ ಬಿಟ್ಟ ಒಂದು ವಸ್ತುವಿನ ಬಗ್ಗೆ. ಅದು ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿರುವ ಸಿಗರೇಟ್ ರ‍್ಯಾಕ್.

ಯಾವ ಊರಿನ ಗೂಡಂಗಡಿಯನ್ನಾದರೂ ಗಮನಿಸಿ. ಅಂಗಡಿ ಹಳೆಯದು, ತಗಡು ತುಕ್ಕು ಹಿಡಿದಿದೆ, ಬಿಸ್ಕತ್ತಿನ ಡಬ್ಬಿಗಳ ಮುಚ್ಚಳ ಮುರಿದಿದೆ. ಆದರೆ ಸಿಗರೇಟ್ ಜೋಡಿಸಿದ ಚೌಕಟ್ಟು ಮಾತ್ರ ಹೊಸದು. ಕೆಲವು ಕಡೆ ಅದಕ್ಕೆ ಎಲ್‌ಇಡಿ ದೀಪವೂ ಉಂಟು. ಬಣ್ಣ ಬಣ್ಣದ ಪ್ಯಾಕುಗಳು ನಿಂತ ಗಿರಾಕಿಯ ಕಣ್ಣಿನ ನೇರಕ್ಕೇ ಇರುತ್ತವೆ. ಅದರ ಕೆಳಗೆ ಚಾಕೊಲೇಟ್, ಪಕ್ಕದಲ್ಲಿ ಚಿಪ್ಸ್. ಪೆನ್ನು ಕೊಳ್ಳಲು ಬಂದ ಎಂಟನೇ ಕ್ಲಾಸಿನ ಹುಡುಗನೂ ಚಿಲ್ಲರೆ ವಾಪಸ್ ಬರುವವರೆಗೆ ಅದನ್ನೇ ನೋಡುತ್ತಾ ನಿಲ್ಲುತ್ತಾನೆ.

2003ರ ಕೋಟ್ಪಾ ಕಾಯ್ದೆ ಟಿ.ವಿ., ಪತ್ರಿಕೆ, ಹೋರ್ಡಿಂಗ್‌ಗಳಲ್ಲಿ ತಂಬಾಕಿನ ಜಾಹೀರಾತು ನಿಲ್ಲಿಸಿತು. ಆದರೆ ಮಾರುವ ಅಂಗಡಿಗೆ ಮಾತ್ರ ಸಣ್ಣದೊಂದು ಕಿಂಡಿ ಬಿಟ್ಟಿತು. ಅಲ್ಲಿ ಬೋರ್ಡ್ ಹಾಕಬಹುದು. ಅದರ ಅಳತೆ 60 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರ ಮೀರಬಾರದು, ಬ್ರ್ಯಾಂಡ್ ಹೆಸರು ಇರಬಾರದು, ಬೆಳಕು ಹಾಕಬಾರದು ಎಂದು ನಿಯಮಗಳಿವೆ. ಬೋರ್ಡಿನ ಬಗ್ಗೆ ಇಷ್ಟು ಕಟ್ಟುನಿಟ್ಟು. ಬೋರ್ಡಿಗೆ ಬೇಡವಾದ ಬಣ್ಣ, ಬ್ರ್ಯಾಂಡ್, ಬೆಳಕು ಎಲ್ಲವೂ ರ‍್ಯಾಕಿನಲ್ಲಿ ಬಂದು ಕುಳಿತಿವೆ. ಕೇಳಿದರೆ ಅದು ಜಾಹೀರಾತಲ್ಲ, ಸರಕು!

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ರ‍್ಯಾಕ್ ಯಾರಿಗಾಗಿ? ಹತ್ತು ವರ್ಷದಿಂದ ಸೇದುತ್ತಿರುವ ಅಂಕಲ್‌ಗೆ ಅದರ ಅಗತ್ಯವಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಅಂಗಡಿಯವರ ಕೈ ಅವರ ಬ್ರ್ಯಾಂಡಿನ ಮೇಲಿರುತ್ತದೆ. ರ‍್ಯಾಕ್ ಇರುವುದು ಇನ್ನೂ ಶುರು ಮಾಡದವನಿಗಾಗಿ. ಪುದೀನ ರುಚಿಯದು, ತುದಿ ಒತ್ತಿದರೆ ಘಮ ಬಿಡುವ ಕ್ಯಾಪ್ಸೂಲಿನದು, ಪೆನ್ಸಿಲ್‌ನಂತೆ ಸಣ್ಣಗಿರುವುದು, ಇವೆಲ್ಲ ಐವತ್ತರ ಗಿರಾಕಿಯ ಬೇಡಿಕೆಗಳಲ್ಲ.

ಬಿಡಿ ಮಾರಾಟ ಸೇರಿಕೊಂಡರೆ ಕೆಲಸ ಇನ್ನೂ ಸಲೀಸು. ಪ್ಯಾಕಿನ ಮೇಲೆ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮವಿದೆ. ಒಂದೇ ಸಿಗರೇಟ್ ಕೊಳ್ಳುವವನ ಕೈಗೆ ಆ ಪ್ಯಾಕ್ ಬರುವುದೇ ಇಲ್ಲ.

ಗುಟ್ಕಾ ಕಥೆಯೂ ಇದೇ. 2013ರಲ್ಲಿ ರಾಜ್ಯದಲ್ಲಿ ಅದನ್ನು ನಿಷೇಧಿಸಿದ ಮೇಲೆ ಪಾನ್ ಮಸಾಲಾ ಒಂದು ಸ್ಯಾಶೆಯಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಅಂಗಡಿ ಮುಂದೆ ಎರಡೂ ಜೋಡಿಯಾಗಿ ತೋರಣದಂತೆ ತೂಗುತ್ತವೆ. ಟಿ.ವಿ.ಯಲ್ಲಿ ದೊಡ್ಡ ದೊಡ್ಡ ಹೀರೋಗಳು ಬಂದು ಏಲಕ್ಕಿ ತಿನ್ನುತ್ತಾರೆ. ನಮ್ಮ ದೇಶದಲ್ಲಿ ಏಲಕ್ಕಿಗೆ ಇಷ್ಟು ಅಭಿಮಾನಿಗಳಿದ್ದಾರೆಂದು ಕೊಡಗಿನ ಬೆಳೆಗಾರರಿಗೂ ಗೊತ್ತಿರಲಿಕ್ಕಿಲ್ಲ. ಅಭಿಮಾನಿಗಳು ಬೈದ ಮೇಲೆ 2022ರಲ್ಲಿ ಅಕ್ಷಯ್ ಕುಮಾರ್ ಅಂಥದ್ದೊಂದು ಜಾಹೀರಾತಿನಿಂದ ಹಿಂದೆ ಸರಿದರು. ಉಳಿದವರು ಇನ್ನೂ ತಿನ್ನುತ್ತಿದ್ದಾರೆ.

ನೂರು ಮೀಟರ್ ನಿಯಮ ಸಾಲದೇ ಎಂದು ಕೇಳಬಹುದು. ಧಾರವಾಡದ ಸಪ್ತಾಪುರಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಒಮ್ಮೆ ಹೋಗಿ ನೋಡಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಓದಲು ಬಂದ ಹುಡುಗರು ಪಿ.ಜಿ.ಗಳಲ್ಲಿ, ರೀಡಿಂಗ್ ರೂಮ್‌ಗಳಲ್ಲಿ ತುಂಬಿದ್ದಾರೆ. ಅವರಲ್ಲಿ ಬಹಳಷ್ಟು ಮಂದಿಗೆ 21 ದಾಟಿದೆ. ಪಿ.ಜಿ. ಶಿಕ್ಷಣ ಸಂಸ್ಥೆಯಲ್ಲ. ಹಾಗಾಗಿ ವಯಸ್ಸಿನ ನಿಯಮವೂ ಅವರನ್ನು ಕಾಯುವುದಿಲ್ಲ, ದೂರದ ನಿಯಮವೂ ಕಾಯುವುದಿಲ್ಲ. ನೋಟಿಫಿಕೇಷನ್ ಇಲ್ಲ, ರಿಸಲ್ಟ್ ಇಲ್ಲ, ಮನೆಯಿಂದ ಫೋನ್ ಬಂದರೆ ಎತ್ತಲು ಭಯ. ಅಂಥ ಸಂಜೆ ಟೀ ಕುಡಿಯಲು ಇಳಿದುಬಂದವನ ಎದುರಿಗೆ ಅದೇ ದೀಪದ ರ‍್ಯಾಕ್. ಅದರ ಪಕ್ಕದಲ್ಲಿ ಒಬ್ಬ ಗೆಳೆಯ, 'ಒಂದು ದಮ್ ಎಳಿ, ಟೆನ್ಷನ್ ಹೋಗತ್ತೆ'.

ಇದರಲ್ಲಿ ಗೂಡಂಗಡಿಯವರನ್ನು ವಿಲನ್ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಟೀ, ಬಾಳೆಹಣ್ಣು, ಸಿಗರೇಟ್ ಸೇರಿದರೇ ಅವರ ದಿನದ ಸಂಪಾದನೆ. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬೆಳೆದು ಮಕ್ಕಳನ್ನು ಬಿ.ಇ. ಓದಿಸುತ್ತಿರುವ ರೈತರೂ ಇದ್ದಾರೆ. ಅದಕ್ಕೇ ನಾನು ಅಂಗಡಿ ಮುಚ್ಚಿಸಿ ಎನ್ನುತ್ತಿಲ್ಲ. ಸಿಗರೇಟನ್ನು ಮುಚ್ಚಿಡಿ ಎನ್ನುತ್ತಿದ್ದೇನೆ. ಥಾಯ್ಲೆಂಡ್ 2005ರಿಂದಲೇ ಹೀಗೆ ಮಾಡುತ್ತಿದೆ. ಅಲ್ಲಿ ಅಂಗಡಿಯಲ್ಲಿ ಸಿಗರೇಟ್ ಸಿಗುತ್ತದೆ, ಆದರೆ ಬಾಗಿಲು ಹಾಕಿದ ಕಪಾಟಿನಲ್ಲಿರುತ್ತದೆ. ಬೇಕಾದವರು ಕೇಳಿ ಪಡೆಯುತ್ತಾರೆ.

ಕೇಂದ್ರ ಸರ್ಕಾರ 2020ರಲ್ಲಿ ಸಿದ್ಧಪಡಿಸಿದ ಕೋಟ್ಪಾ ತಿದ್ದುಪಡಿಯ ಕರಡಿನಲ್ಲಿ ಅಂಗಡಿಯೊಳಗಿನ ಜಾಹೀರಾತಿನ ಕಿಂಡಿಯನ್ನೂ ಮುಚ್ಚುವ ಪ್ರಸ್ತಾವ ಇತ್ತು. ಅದರಲ್ಲಿದ್ದ 21ರ ವಯಸ್ಸು, ಬಿಡಿ ಮಾರಾಟದ ನಿಷೇಧ ಎರಡೂ ನಮ್ಮ ರಾಜ್ಯದ ಕಾಯ್ದೆಯಲ್ಲಿವೆ. ಉಳಿದದ್ದನ್ನೂ ತರಲಿ. ಅಲ್ಲಿಯವರೆಗೆ ಪಾಲಿಕೆ, ಪುರಸಭೆಗಳು ವ್ಯಾಪಾರದ ಪರವಾನಗಿ ಕೊಡುವಾಗ ಎರಡೇ ಷರತ್ತು ಹಾಕಲಿ: ಸಿಗರೇಟ್ ಮುಚ್ಚಿದ ಡಬ್ಬಿಯಲ್ಲಿರಬೇಕು, ಚಾಕೊಲೇಟ್ ಪಕ್ಕದಲ್ಲಿ ಇರಬಾರದು. ಮುಚ್ಚಿಡಲು ಹೊಸ ಕಪಾಟೇನೂ ಬೇಡ, ಹಳೆಯ ಕ್ಯಾಲೆಂಡರಿನ ಹಾಳೆ ಇಳಿಬಿಟ್ಟರೂ ಸಾಕು.