ಮೆಸಿಯಾಂ ನಮೂದನ್ನು ತಿದ್ದುವಾಗ

ನಮ್ಮ ಸಂಗೀತಕೋಶ ಮಾಲೆಯಲ್ಲಿ ಈ ಸಲ ಫ್ರಾನ್ಸಿನ ಸಂಗೀತ ರಚನಕಾರ ಒಲಿವಿಯೇ ಮೆಸಿಯಾಂ (1908–1992) ಅವರನ್ನು ಕುರಿತ ನಮೂದು ಅಚ್ಚಾಗುತ್ತಿದೆ. ಬರೆದುಕೊಟ್ಟವರು ಪಾಶ್ಚಾತ್ಯ ಸಂಗೀತವನ್ನು ಬಹುಕಾಲದಿಂದ ಪ್ರೀತಿಯಿಂದ ಕೇಳುತ್ತ ಬಂದ ಮಿತ್ರರು. ಅವರ ಕರಡು ಸೊಗಸಾಗಿಯೇ ಇತ್ತು. ಆದರೂ ಅಚ್ಚಿಗೆ ಹೋಗುವ ಮೊದಲು ಅದರ ಎರಡು ವಾಕ್ಯಗಳ ಮೇಲೆ ನಾವಿಬ್ಬರೂ ತುಂಬ ಹೊತ್ತು ಕೂತೆವು. ಆ ಎರಡು ವಾಕ್ಯಗಳ ಬಗ್ಗೆಯೇ ಇಲ್ಲಿ ಹೇಳಬೇಕು. ಕಥೆಯನ್ನೋ ವಿಮರ್ಶೆಯನ್ನೋ ಓದುವವರು ಲೇಖಕರೊಂದಿಗೆ ಜಗಳವಾಡುತ್ತಲೇ ಓದಬಹುದು. ಕೋಶವನ್ನು ತೆರೆಯುವವರು ನಂಬಿಯೇ ತೆರೆಯುತ್ತಾರೆ.

ಮೊದಲ ವಾಕ್ಯ ಯುದ್ಧಕಾಲದ್ದು. 1940ರಲ್ಲಿ ಜರ್ಮನ್ ಸೇನೆಗೆ ಸೆರೆಸಿಕ್ಕ ಮೆಸಿಯಾಂ ಅವರನ್ನು ಗ್ಯೋರ್ಲಿಟ್ಸ್ ಊರಿನ ಕೈದಿಗಳ ಶಿಬಿರದಲ್ಲಿ ಇಟ್ಟಿದ್ದರು. ಕಾರ್ಲ್ ಆಲ್ಬರ್ಟ್ ಬ್ರೂಲ್ ಎಂಬ ಜರ್ಮನ್ ಅಧಿಕಾರಿ ಕಾಗದ, ಪೆನ್ಸಿಲು ಒದಗಿಸಿಕೊಟ್ಟ. ಕ್ಲಾರಿನೆಟ್, ಪಿಟೀಲು, ಚೆಲ್ಲೊ, ಪಿಯಾನೋ ಈ ನಾಲ್ಕು ವಾದ್ಯಗಳಿಗಾಗಿ ಅಲ್ಲಿ ಸಿದ್ಧವಾದ ‘ಕಾಲಾಂತ್ಯದ ಕ್ವಾರ್ಟೆಟ್’ 1941ರ ಜನವರಿ 15ರ ಸಂಜೆ ಶಿಬಿರದಲ್ಲೇ ಮೊದಲ ಬಾರಿಗೆ ನುಡಿಯಿತು. ಕರಡಿನಲ್ಲಿ ಇದಿಷ್ಟೇ ಅಲ್ಲದೆ, ಐದು ಸಾವಿರ ಕೈದಿಗಳು ಕೇಳುತ್ತಿದ್ದರೆಂದೂ ಚೆಲ್ಲೊಗೆ ಮೂರೇ ತಂತಿಗಳಿದ್ದವೆಂದೂ ಇತ್ತು. ಮಿತ್ರರು ಇದನ್ನು ಕಲ್ಪಿಸಿ ಬರೆದಿರಲಿಲ್ಲ. ಸ್ವತಃ ಮೆಸಿಯಾಂ ಅವರೇ ಮುಂದೆ ಹಾಗೆ ಹೇಳುತ್ತ ಬಂದಿದ್ದರು.

ಆದರೆ ಅಂದು ಚೆಲ್ಲೊ ನುಡಿಸಿದ ಎತಿಯೆನ್ ಪಾಸ್ಕಿಯೆ ಅದನ್ನು ಒಪ್ಪಲಿಲ್ಲ. ತಮ್ಮ ವಾದ್ಯಕ್ಕೆ ನಾಲ್ಕೂ ತಂತಿಗಳಿದ್ದವು ಎಂಬುದು ಅವರ ಮಾತು. ಸಹಕೈದಿಗಳು ಕೂಡಿಸಿಕೊಟ್ಟ ಹಣದಲ್ಲಿ ಅದನ್ನು ಕೊಂಡು ತಂದವರೂ ಅವರೇ. ಈ ಕೃತಿಯ ಚರಿತ್ರೆಯನ್ನು ಹುಡುಕಿ, ಬದುಕಿದ್ದ ವಾದಕರನ್ನು ಕಂಡು ಮಾತಾಡಿಸಿದ ರೆಬೆಕ್ಕಾ ರಿಶಿನ್ 2003ರ ತಮ್ಮ ಪುಸ್ತಕದಲ್ಲಿ ಕೇಳುಗರ ಸಂಖ್ಯೆಯನ್ನು ಕೆಲವು ನೂರಕ್ಕೆ ಇಳಿಸಿದ್ದಾರೆ. ಆ ಮರದ ಕೊಟ್ಟಿಗೆಯಲ್ಲಿ ಸಾವಿರಗಟ್ಟಲೆ ಜನ ಕೂರಲು ಜಾಗವೇ ಇರಲಿಲ್ಲ.

ಹಾಗಾದರೆ ಕೋಶದಲ್ಲಿ ಏನೆಂದು ಬರೆಯುವುದು? ಐದು ಸಾವಿರವನ್ನು ಹೊಡೆದುಹಾಕಿ ನಾನೂರು ಎಂದು ತುಂಬಿ ಕೈತೊಳೆದುಕೊಳ್ಳುವುದು ಸುಲಭ. ನನಗೆ ಅದು ಸರಿಕಾಣಲಿಲ್ಲ. ಚಳಿ, ಹಸಿವು, ಸೆರೆ, ನಡುವೆ ತನ್ನ ಸಂಗೀತಕ್ಕೆ ಕಿವಿಗೊಟ್ಟ ಜನ. ಆ ಮನುಷ್ಯನ ನೆನಪಿನಲ್ಲಿ ಆ ಸಭೆ ಹೇಗೆ ಬೆಳೆಯಿತು ಎಂಬುದೂ ಆತನ ಜೀವನದ ಸಂಗತಿಯೇ. ಅದಕ್ಕೇ ಎರಡನ್ನೂ ಇಟ್ಟಿದ್ದೇವೆ, ಯಾರ ಮಾತು ಯಾವುದು ಎಂದು ಹೆಸರಿಸಿ. ನಮೂದು ಮೂರು ಸಾಲು ಉದ್ದವಾಯಿತು; ಆಗಲಿ.

ಎರಡನೆಯ ವಾಕ್ಯ ತೀರ ಚಿಕ್ಕದು: ‘ಇವರು ಭಾರತೀಯ ಸಂಗೀತದಿಂದ ಪ್ರಭಾವಿತರಾಗಿದ್ದರು.’ ನಮ್ಮ ಓದುಗರಿಗೆ ಹಿತವೆನಿಸುವ ವಾಕ್ಯ, ಆದರೆ ಹೀಗೆ ಬಿಟ್ಟರೆ ಏನನ್ನೂ ತಿಳಿಸದ ವಾಕ್ಯ. ಮೆಸಿಯಾಂ ಅವರು ನಮ್ಮ ತಾಳಗಳನ್ನು ಗುರುಮುಖೇನ ಕಲಿತವರಲ್ಲ. ಅವರಿಗೆ ಅವು ಸಿಕ್ಕಿದ್ದು ಒಂದು ವಿಶ್ವಕೋಶದಲ್ಲಿ. ಆಲ್ಬೆರ್ ಲಾವಿನ್ಯಾಕ್ 1913ರಿಂದ ಹೊರತರತೊಡಗಿದ ಫ್ರೆಂಚ್ ಸಂಗೀತ ವಿಶ್ವಕೋಶಕ್ಕೆ ಭಾರತದ ಭಾಗವನ್ನು ಬರೆದವರು ಜೊಆನಿ ಗ್ರೊಸೆ. 1898ರಲ್ಲೇ ಭರತನ ನಾಟ್ಯಶಾಸ್ತ್ರವನ್ನು ಲಿಯೋನಿನಲ್ಲಿ ಸಂಪಾದಿಸಿದ್ದ ಪಂಡಿತರು. ಶಾರ್ಙ್ಗದೇವನ ‘ಸಂಗೀತರತ್ನಾಕರ’ದ 120 ದೇಶೀ ತಾಳಗಳನ್ನು ಅವರು ಪಾಶ್ಚಾತ್ಯ ಲಿಪಿಯಲ್ಲಿ ಪಟ್ಟಿಮಾಡಿ ಕೊಟ್ಟರು. ಮೆಸಿಯಾಂ ಓದಿದ್ದು ಆ ಪಟ್ಟಿಯನ್ನು. 1944ರ ತಮ್ಮ ಲಕ್ಷಣಗ್ರಂಥದಲ್ಲಿ ಶಾರ್ಙ್ಗದೇವನ ಹೆಸರನ್ನು ಮರೆಯದೆ ಬರೆದಿದ್ದಾರೆ.

ಪಟ್ಟಿಯ ಒಂದು ತಾಳವನ್ನು ನೋಡಿ: ರಾಗವರ್ಧನ. ದ್ರುತ, ವಿರಾಮ ಸೇರಿದ ದ್ರುತ, ಮತ್ತೆ ದ್ರುತ, ಕೊನೆಗೆ ಪ್ಲುತ. ಅಂಕಿಯಲ್ಲಿ ಹೇಳಿದರೆ 2, 3, 2, 12. ಮೆಸಿಯಾಂ ಇದನ್ನು ಹಿಂದುಮುಂದು ಮಾಡಿ, ಉದ್ದದ ಪ್ಲುತವನ್ನು ಮೂರು ಸಮಭಾಗ ಮಾಡಿದರು: 4, 4, 4, 2, 3, 2. ಕೊನೆಯ 2, 3, 2 ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ತಿರುಗಿಸಿದರೂ ಬದಲಾಗದ ಇಂಥ ಲಯಗಳು ಅವರ ಸಂಗೀತದ ಬೆನ್ನೆಲುಬಾದವು. ಈ ಆರು ಅಳತೆಗಳ ಜೊತೆಗೆ ಚಂದ್ರಕಲಾ, ಲಕ್ಷ್ಮೀಶ ತಾಳಗಳು ಸೇರಿ ಹದಿನೇಳಾಗುತ್ತವೆ. ಕ್ವಾರ್ಟೆಟ್ಟಿನ ಮೊದಲ ಭಾಗದಲ್ಲಿ ಪಿಯಾನೋ ಈ 17 ಅಳತೆಗಳನ್ನು 29 ಸ್ವರಗುಚ್ಛಗಳ ಸರಣಿಯ ಮೇಲೆ ಸುತ್ತಿಸುತ್ತದೆ. ಎರಡೂ ಅವಿಭಾಜ್ಯ ಸಂಖ್ಯೆಗಳು. ಎರಡು ಚಕ್ರಗಳು ಶುರುವಾದ ಜಾಗದಲ್ಲಿ ಮತ್ತೆ ಕೂಡಬೇಕಾದರೆ 493 ಹೆಜ್ಜೆ ಹೋಗಬೇಕು. ಆ ಭಾಗ ಅದಕ್ಕೆ ಬಹಳ ಮುಂಚೆಯೇ ಮುಗಿದುಹೋಗುತ್ತದೆ. ಗ್ಯೋರ್ಲಿಟ್ಸಿನ ಆ ಸಂಜೆ ಕೈದಿಗಳು ಕೇಳಿದ್ದರಲ್ಲಿ ದೇವಗಿರಿಯ ತಾಳಗಳಿದ್ದವು ಎಂದು ನೆನೆದಾಗ ನನ್ನ ಮೈ ಜುಮ್ಮೆನ್ನುತ್ತದೆ.

ಶಾರ್ಙ್ಗದೇವ ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಬಳಿ ಶ್ರೀಕರಣಾಧಿಪನಾಗಿದ್ದವನು, ಲೆಕ್ಕಪತ್ರದ ಅಧಿಕಾರಿ. ತನ್ನ ಹಿಂದಿನ ಶಾಸ್ತ್ರಕಾರರನ್ನು ಹೆಸರಿಸುವಾಗ ಸೋಮೇಶ್ವರನನ್ನೂ ಜಗದೇಕಮಲ್ಲನನ್ನೂ ಸೇರಿಸುತ್ತಾನೆ. ಇಬ್ಬರೂ ಕಲ್ಯಾಣದ ಚಾಲುಕ್ಯರು; ಮೊದಲನೆಯವನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶವನ್ನೇ ರಚಿಸಿದವನು. ರತ್ನಾಕರಕ್ಕೆ ‘ಕಲಾನಿಧಿ’ ವ್ಯಾಖ್ಯಾನ ಬರೆದ ಕಲ್ಲಿನಾಥ ಹದಿನೈದನೆಯ ಶತಮಾನದ ವಿಜಯನಗರದವನು. ಇದಕ್ಕೆ ನಾವು ಬೀಗಬೇಕಾದ್ದಿಲ್ಲ. ಗ್ರೊಸೆ ಪಟ್ಟಿಯನ್ನು ಪೂರ್ತಿ ಕೊಡದೆ ‘ಭಾರತದಲ್ಲಿ ನೂರಾರು ತಾಳಗಳಿವೆ’ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದರೆ ಮೆಸಿಯಾಂ ಅವರ ಕೈಗೆ ಏನೂ ಹತ್ತುತ್ತಿರಲಿಲ್ಲ. ‘ಪ್ರಭಾವಿತರಾಗಿದ್ದರು’ ಎಂಬುದನ್ನು ತೆಗೆದು ಈ ವಿವರಗಳನ್ನೇ ಕೊಟ್ಟಿರುವುದು ಅದಕ್ಕೇ.

ಉಳಿದ ತಿದ್ದುಪಡಿಗಳು ಚಿಕ್ಕವು. ಕರಡಿನಲ್ಲಿ ಬರೀ ಪತ್ನಿಯರೆಂದು ಬಂದಿದ್ದ ಕ್ಲೇರ್ ಡೆಲ್ಬೊ ಪಿಟೀಲುವಾದಕಿ, ರಚನಕಾರ್ತಿ. ಇವೊನ್ ಲೊರಿಯೊ 1949ರಲ್ಲಿ ಬಾಸ್ಟನ್ನಿನಲ್ಲಿ ‘ತುರಂಗಲೀಲ’ ಸಿಂಫನಿ ಮೊದಲು ನುಡಿದಾಗ ಪಿಯಾನೋಗೆ ಕೂತವರು. ಈಗ ಇಬ್ಬರೂ ತಮ್ಮ ಕೆಲಸದಿಂದಲೇ ಗುರುತಾಗಿದ್ದಾರೆ. ಹಕ್ಕಿಗಳ ಕೂಗನ್ನು ಮೆಸಿಯಾಂ ಸ್ವರಕ್ಕಿಳಿಸಿದ ಬಗೆ ಇಲ್ಲಿ ಹಿಡಿಸದಷ್ಟು ದೊಡ್ಡದು, ಬೇರೆ ಲೇಖನವನ್ನೇ ಕೇಳಿದ್ದೇವೆ.

ಒಂದು ಕೋರಿಕೆ ಉಳಿದಿದೆ. ನಮ್ಮ ಕಚೇರಿಗಳಲ್ಲಿ ಇಂದು ಆದಿ, ರೂಪಕ, ಚಾಪುಗಳದೇ ಓಡಾಟ; ರತ್ನಾಕರದ ದೇಶೀ ತಾಳಗಳಲ್ಲಿ ಹೆಚ್ಚಿನವು ಗ್ರಂಥದಲ್ಲೇ ಉಳಿದಿವೆ. ಅವುಗಳನ್ನು ಕೈಯಲ್ಲಿ ಹಾಕಿ ತೋರಿಸಬಲ್ಲ ಮೃದಂಗ, ಖಂಜಿರದ ವಿದ್ವಾಂಸರು ನಮ್ಮಲ್ಲಿದ್ದಾರೆ. ಅವರು ಈ ನಮೂದಿನ ತಾಳಭಾಗವನ್ನು ಓದಿ, ತಪ್ಪಿದ್ದಲ್ಲಿ ಬರೆದು ತಿಳಿಸಬೇಕು. ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ ಅವರ ಹೆಸರಿನೊಂದಿಗೆ ಪ್ರಕಟಿಸುತ್ತೇವೆ.