ಊಟದ ಎಲೆಯಲ್ಲಿ ಜೋಳದ ರೊಟ್ಟಿಗೂ ಜಾಗ ಸಿಗಲಿ



ಬೆಂಗಳೂರು, ಮೈಸೂರು ಕಡೆಯ ಹೋಟೆಲುಗಳಲ್ಲಿ ‘ಊಟ’ ಎಂದರೆ ಸಾಮಾನ್ಯವಾಗಿ ಚಪಾತಿ ಇಲ್ಲವೇ ಪೂರಿ, ಪಲ್ಯ, ಅನ್ನ, ಸಾರು. ಜೋಳದ ರೊಟ್ಟಿ ಬೇಕೆಂದರೆ ಅದಕ್ಕೆಂದೇ ಇರುವ ಖಾನಾವಳಿ ಹುಡುಕಿಕೊಂಡು ಹೋಗಬೇಕು. ವಿಜಯಪುರ, ಬಾಗಲಕೋಟೆ, ಕಲಬುರಗಿಯಲ್ಲಾದರೆ ಊಟ ಶುರುವಾಗುವುದೇ ರೊಟ್ಟಿಯಿಂದ. ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಅದರ ಜೊತೆ. ಅನ್ನದ ಸರದಿ ಆಮೇಲೆ.

ರೊಟ್ಟಿ ಬಡಿಯುವುದು ಸುಲಭವಲ್ಲ, ನಿಜ. ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ. ಕುದಿಯುವ ನೀರು ಹಾಕಿ ಹಿಟ್ಟು ನಾದಬೇಕು, ಕೈಯಿಂದ ಬಡಿಯಬೇಕು. ಹಿಟ್ಟು ಹಳೆಯದಾದರೆ ಅಂಚು ಸೀಳುತ್ತದೆ. ಹೋಟೆಲಿನವರು ಹಿಂಜರಿಯುವುದು ಇದಕ್ಕೇ. ಆದರೆ ಖಡಕ್ ರೊಟ್ಟಿ ಮಾಡಿಟ್ಟರೆ ಬಹುದಿನ ಕೆಡುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬಂದು ಸೇರುವುದು ಹೀಗೆಯೇ.

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ಮೇಳ, ಭಾಷಣ ಎಲ್ಲ ಮುಗಿದವು. ಆದರೆ ಆ ಧಾನ್ಯಗಳಲ್ಲೊಂದಾದ ಜೋಳಕ್ಕೆ ಬೇಕಾಗಿರುವುದು ದಿನನಿತ್ಯದ ಗಿರಾಕಿ. ಸರ್ಕಾರಿ ಕ್ಯಾಂಟೀನು, ವಿದ್ಯಾರ್ಥಿನಿಲಯಗಳಲ್ಲಿ ವಾರಕ್ಕೆ ಎರಡು ದಿನವಾದರೂ ರೊಟ್ಟಿ ಊಟ ಬಡಿಸಲಿ. ಖಡಕ್ ರೊಟ್ಟಿಯನ್ನು ಉತ್ತರ ಕರ್ನಾಟಕದ ಮಹಿಳಾ ಸ್ವಸಹಾಯ ಸಂಘಗಳಿಂದ ನೇರವಾಗಿ, ನ್ಯಾಯವಾದ ದರಕ್ಕೆ ಕೊಳ್ಳಲಿ. ಹೋಟೆಲು ಮಾಲೀಕರೂ ಚಪಾತಿಗೆ ಬದಲಾಗಿ ರೊಟ್ಟಿ ಕೇಳುವ ಆಯ್ಕೆಯನ್ನು ಅದೇ ಊಟದ ದರದಲ್ಲಿ ಕೊಡಲಿ. ಹಾಗಾದರೆ ಹಿಂಗಾರಿ ಜೋಳ ಬಿತ್ತುವ ರೈತನಿಗೂ, ಒಲೆಯ ಮುಂದೆ ಬೇಯುವ ಹೆಣ್ಣುಮಕ್ಕಳಿಗೂ ನಾಲ್ಕು ಕಾಸು ಸಿಕ್ಕೀತು.

— ಓದುಗ, ಹುಬ್ಬಳ್ಳಿ